ದೊಡ್ಡ ಬಾವಿಯ ನೀರು ಮತ್ತು ಮೀನಿನ ಸಾಕ್ಷಿ

ಗೆಳೆಯರೇ, ಕೊಡಿಗೇನಹಳ್ಳಿಯ ನಮ್ಮ ಮನೆಗೆ ನಾನೇ ಹಿರಿಯಳು. ಮನೆಮಂದಿಯೆಲ್ಲ ಕುಡಿಯುವ ಬಾವಿಯ ಕಟ್ಟೆಯಲ್ಲೇ ಮೈದುನನ ಮಗ ಬೆಳೆಗೆ ಔಷಧಿ ಹೊಡೆಯುವ ಕ್ಯಾನು ತೊಳೆಯುತ್ತಾನೆ.

ನೀರನ್ನು ಪರೀಕ್ಷೆಗೆಂದು ಕಾಲೇಜಿಗೆ ಒಯ್ದಿದ್ದ ಮೊಮ್ಮಗಳು ಇಂದು ಅಲ್ಲಿಂದ ವಿಡಿಯೊ ಕಳಿಸಿದಳು. ಮೀನಿನ ಹುರುಪೆಯ ಜೀವಂತ ಕೋಶಗಳಿಗೆ ಪಕ್ಕದ ತೋಟದ ನೀರು ಹಾಕಿದಾಗ ಅವುಗಳೊಳಗೆ ಹರಡಿದ್ದ ಕೆಂಪು ಬಣ್ಣ ಹಾಗೇ ಇತ್ತು. ನಮ್ಮ ಬಾವಿಯ ನೀರಿಗೆ ಅದು ಮುದುಡಿ ಚುಕ್ಕಿಯಾಯಿತು. "ಯಾವ ಔಷಧಿ ಅಂತ ಇದ್ರಲ್ಲಿ ಗೊತ್ತಾಗಲ್ಲ ಅಜ್ಜಿ, ಆದ್ರೆ ಏನೋ ಸೇರೈತೆ. ಕುಡೀಬ್ಯಾಡಿ" ಎಂದಳು.

ಮೈದುನನ ಮಗನನ್ನು ಕರೆದು ವಿಡಿಯೊ ತೋರಿಸಿದೆ.

"ಮೀನಿನ ಮಾತು ಕೇಳ್ಕಂಡು ನನ್ನ ಬೈತೀಯಲ್ಲ ದೊಡ್ಡವ್ವ. ನೀರು ತಿಳಿಯಾಗೇ ಐತೆ."

"ಅಂಗಾದ್ರೆ ನೀನೇ ಒಂದು ಚೊಂಬು ಕುಡಿಯೋ."

"ಇವತ್ತು ಉಪವಾಸ ಕಣವ್ವ" ಎಂದ, ಬೆಳಿಗ್ಗೆ ನನ್ನ ಕೈಯಲ್ಲೇ ಮುದ್ದೆ ಉಂಡವನು.

ಅವನ ಕ್ಯಾನು, ಬಾಟಲಿಗಳನ್ನೆಲ್ಲ ಅವನ ಟ್ರ್ಯಾಕ್ಟರಿಗೇ ಹೇರಿಸಿ, ಯಾರೂ ಆ ನೀರು ಎತ್ತದಂತೆ ಬಾವಿಯ ಪಂಪ್ ಮನೆಗೆ ಬೀಗ ಹಾಕಿದ್ದೇನೆ. ಕೀಲಿ ನನ್ನ ಸೊಂಟದಲ್ಲಿದೆ.