ತಮ್ಮನಿಗೆ ಕೇಳಿಸಿದ ಮಗ್ಗದ ಸಪ್ಪಳ

ಕೊರೊನಾ ಮುಗಿದ ಮರುವರ್ಷ. ನನ್ನ ತಮ್ಮ ಈರಣ್ಣ ಮಸ್ಕತ್ತಿಗೆ ಹೊರಡುವ ಹಿಂದಿನ ದಿನ ಗಜೇಂದ್ರಗಡದ ನಮ್ಮ ಮನೆಯಲ್ಲಿ ಎಂದಿನಂತೆ ಕೆಲಸ ನಡೆದಿತ್ತು. ಅವ್ವ ಸೀರೆ ನೇಯುತ್ತಿದ್ದಳು, ನಾನು ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಈರಣ್ಣ ಹೊಸ ಬೂಟು ಹಾಕಿಕೊಂಡು ಮನೆಯೊಳಗೇ ಅಡ್ಡಾಡುತ್ತ, "ನಾ ಎಸಿಯೊಳಗ ಇರ್ತೀನಿ, ನೀವು ಇಲ್ಲೆ ಬೆವರ್ರಿ" ಎಂದು ನಮ್ಮನ್ನು ಕಾಡಿಸುತ್ತಿದ್ದ.

ಅವನಿಗೆ ಅಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವನು ರೋಣದ ಒಬ್ಬ ಏಜೆಂಟ. ಹೊರಡುವ ಮುಂಚೆ ಮುಂಬೈಯಲ್ಲಿ ಈರಣ್ಣನ ರಕ್ತ, ಕಣ್ಣು, ಎದೆ ಎಲ್ಲ ಪರೀಕ್ಷೆ ಮಾಡಿಸಿದ್ದರು. ಮನಸ್ಸಿನ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ಕೆಲವು ತಿಂಗಳಾದ ಮೇಲೆ ಅವನ ಫೋನು ಕಡಿಮೆಯಾಯಿತು. ಭಾಷೆ ಬಾರದು, ಮೇಲಿನವರು ಎಲ್ಲರೆದುರು ಬಯ್ಯುತ್ತಾರೆ, ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದ. ಒಂದು ದಿನ, "ಅಕ್ಕಾ, ಇಲ್ಲೆ ಮಗ್ಗದ ಸಪ್ಪಳ ಕೇಳ್ತೈತಿ" ಅಂದ.

ನಮಗೆ ಅದು ರೋಗ ಅನ್ನಿಸಲೇ ಇಲ್ಲ. ನೇಕಾರರ ಮನೆಯ ಮಕ್ಕಳು ತೊಟ್ಟಿಲಲ್ಲಿ ಮಲಗುವುದೇ ಆ ಸಪ್ಪಳ ಕೇಳುತ್ತ. ಮನೆ ನೆನಪಾಗಿದೆ ಎಂದು ಅವ್ವ ಕಣ್ಣೀರು ಹಾಕಿದಳು. ಅವನಿಗೆ ಸಮಾಧಾನವಾಗಲಿ ಎಂದು ಫೋನನ್ನು ಮಗ್ಗದ ಪಕ್ಕ ಇಟ್ಟು, ಬಹಳ ಹೊತ್ತು ನೇಯ್ದು ಕೇಳಿಸಿದಳು.

ಕೊನೆಗೆ ಅವನು ಮೆಲ್ಲಗೆ, "ಅಂದ್ರ ಇಲ್ಲೆ ಕೇಳೋ ಸಪ್ಪಳ ನೀವ ಮಾಡ್ಸೋದು. ನನ್ನ ಬಯ್ಯೋ ಮಂದಿ ಜೋಡಿ ನೀವೂ ಅದೀರಿ" ಅಂದು ಫೋನಿಟ್ಟ. ಆಮೇಲೆ ನಮ್ಮ ಫೋನು ಎತ್ತಲೇ ಇಲ್ಲ.

ನಾನು ಅದೇ ದಿನ ರೋಣದ ಬಸ್ಸು ಹತ್ತಿ ಏಜೆಂಟನ ಹತ್ತಿರ ಹೋದೆ. ಹೊಸ ಊರು, ಎಲ್ಲರಿಗೂ ಹಾಗೆಯೇ ಆಗುತ್ತದೆ, ಹೊಂದಿಕೊಳ್ಳುತ್ತಾನೆ ಎಂದು ನಕ್ಕು ಕಳಿಸಿದ. ಈರಣ್ಣನ ಕೋಣೆಯಲ್ಲಿದ್ದ ನರಗುಂದದ ಹುಡುಗನೊಬ್ಬ ಅಲ್ಲಿಯ ಸೂಪರ್‌ವೈಸರನಿಗೂ ಹೇಳಿದ್ದನಂತೆ. ಕೆಲಸ ತಪ್ಪಿಸಲು ನಾಟಕ ಎಂದು ಸೂಪರ್‌ವೈಸರ್ ಬೈದು ಕಳಿಸಿದನಂತೆ. ಆ ವಾರವೇ ಈರಣ್ಣ ಯಾರೋ ಬೆನ್ನು ಹತ್ತಿದ್ದಾರೆಂದು ರಸ್ತೆಗೆ ಓಡಿ, ಗಾಡಿಗೆ ಸಿಕ್ಕು ಸತ್ತ.

ಮುಂದೆ ಅವ್ವನನ್ನು ಗದಗಿನ ದವಾಖಾನೆಗೆ ತೋರಿಸಲು ಹೋದಾಗ ಡಾಕ್ಟರಿಗೆ ಎಲ್ಲ ಹೇಳಿದೆ. ಪರದೇಶದಲ್ಲಿ ಒಂಟಿಯಾಗಿ, ಅವಮಾನ ನುಂಗಿಕೊಂಡು ಬದುಕುವವರಿಗೆ ಇಲ್ಲದ ಸಪ್ಪಳ ಕೇಳಿಸುವ ಇಂಥ ಮನಸ್ಸಿನ ಕಾಯಿಲೆಯ ಅಪಾಯ ಹೆಚ್ಚು, ಬೇಗ ಔಷಧ ಸಿಕ್ಕರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ ಅಂದರು. ನಮ್ಮ ಹುಡುಗನನ್ನು ಕಳಿಸುವಾಗ ಇದನ್ನು ಒಬ್ಬರಾದರೂ ಹೇಳಲಿಲ್ಲವಲ್ಲ.

ಹೋದ ವರ್ಷ ಅದೇ ಏಜೆಂಟ ಪಕ್ಕದ ಮನೆಯ ಹುಡುಗನ ಪಾಸ್‌ಪೋರ್ಟಿನ ಸಲುವಾಗಿ ಬಂದಿದ್ದ. ನಾನು ಎದುರಿಗೆ ಹೋಗಿ ನಿಂತೆ.

"ಅಲ್ಲಿ ಇವನ ತಲಿ ಕೆಟ್ರ ನಾವು ಯಾರಿಗೆ ಫೋನ್ ಮಾಡ್ಬೇಕ್ರಿ? ಒಂದು ಹೆಸರು ಹೇಳ್ರಿ."

"ಯವ್ವಾ, ಶುಭಕಾರ್ಯದಾಗ ಇಂಥ ಮಾತು ಯಾಕ?" ಅಂದ.

"ಹೆಸರು ಹೇಳ್ರಿ."

ಅವನು ಚಹಾ ಕುಡಿದು ಎದ್ದು ಹೋದ. ಆ ಹೆಸರು ಇವತ್ತಿಗೂ ನನಗೆ ಸಿಕ್ಕಿಲ್ಲ.