ಕರ್ಚೀಫು ಬೀಳುವ ಮೊದಲು

ಅನುಮಾನ ಪಡುವುದೇ ನನ್ನ ಹೊಟ್ಟೆಪಾಡಾಗಿತ್ತು. ಕಡೂರು ತಾಲ್ಲೂಕಿನಲ್ಲಿ ಜಮೀನು ಅಳೆಯುವ ಸರ್ವೆಯರ್ ನಾನು. ಹೊಲದ ಗಡಿಗೆ ನೆಟ್ಟ ಬಾಂದು ಕಲ್ಲು ರಾತ್ರೋರಾತ್ರಿ ಪಕ್ಕದವನ ಹೊಲದೊಳಕ್ಕೆ ಹೇಗೆ ನಡೆದು ಹೋಗುತ್ತದೆ ಎಂಬುದನ್ನು ಇಪ್ಪತ್ತು ವರ್ಷ ನೋಡಿದವನಿಗೆ ಮನುಷ್ಯರ ಮಾತು ಹಾಗಿರಲಿ, ಕಲ್ಲಿನ ಮೇಲೂ ನಂಬಿಕೆ ಉಳಿಯುವುದಿಲ್ಲ. ಮನೆಯಲ್ಲೂ ಅದೇ ಬುದ್ಧಿ. ಹಾಲಿನವಳು ಅಳೆದು ಹಾಕುವ ಪಾವನ್ನು ಇಸಕೊಂಡು, ತಳ ಒಳಕ್ಕೆ ನೆಗ್ಗಿದೆಯೇ ಎಂದು ತಿರುಗಿಸಿ ನೋಡುತ್ತಿದ್ದೆ. "ನಿಮ್ ಕಣ್ಣಿಗೆ ಊರಲ್ಲಿ ಒಬ್ರೂ ಸಾಚಾ ಇಲ್ಲ ಕಣ್ರೀ" ಎಂದು ಹೆಂಡತಿ ಬೈಯುತ್ತಿದ್ದಳು.

ಎಂಬತ್ತರ ದಶಕದ ಆರಂಭ. ನನಗೆ ನಲವತ್ತಮೂರಾಗಿತ್ತು. ತರೀಕೆರೆಯಲ್ಲಿ ನಮ್ಮ ಮನೆಯವರಿಗೆಲ್ಲ ಔಷಧಿ ಕೊಡುತ್ತಿದ್ದ ಹಳೆಯ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, "ಹೊಲ ಹೊಲ ಸುತ್ತೋರು ಹಿಂಗ್ ಊದ್ಕೊಂಡಿದೀರಲ್ರೀ! ದಿನಾ ಬೆಳಿಗ್ಗೆ ನಡೀರಿ" ಎಂದರು. ನನಗೆ ಆ ಯಂತ್ರದ ಮೇಲೇ ಅನುಮಾನ. ಕಡೂರಿಗೆ ಬಂದವನೇ ಕೊಬ್ಬರಿ ಮಂಡಿಗೆ ಹೋಗಿ ತಕ್ಕಡಿಯಲ್ಲಿ ಕುಳಿತೆ. ಅಲ್ಲಿ ಇನ್ನೂ ಎರಡು ಕೆಜಿ ಜಾಸ್ತಿಯೇ ಬಂತು.

ಆದರೂ ನಡೆಯಲು ಮನಸ್ಸು ಒಪ್ಪಲಿಲ್ಲ. ನಡಿಗೆ ಪೆನ್ಷನ್ ಆದವರಿಗೆ, ನಾನು ಓಟಗಾರ ಎಂಬ ಗರ್ವ. ಅಜ್ಜಂಪುರದ ಹೈಸ್ಕೂಲಿನಲ್ಲಿ ನೂರು ಗಜದ ಓಟದಲ್ಲಿ ಮೊದಲು ಬಂದು, ಶಾಲೆಯ ಪರವಾಗಿ ತರೀಕೆರೆಯ ತಾಲ್ಲೂಕು ಕ್ರೀಡಾಕೂಟಕ್ಕೆ ಹೋಗಿ ಸರ್ಟಿಫಿಕೇಟು ತಂದವನು. ಮುಂದೆ ಕೆಲಸದ ಸಂದರ್ಶನದಲ್ಲಿ ಆ ಕಾಗದ ನೋಡಿದ ಸಾಹೇಬರು, "ಕಾಲು ಗಟ್ಟಿ ಇದೆ, ಹೊಲ ಸುತ್ತುತ್ತಾನೆ ಬಿಡಿ" ಎಂದು ನಕ್ಕಿದ್ದರು. ನನ್ನ ಅನ್ನಕ್ಕೆ ಆ ಓಟವೇ ದಾರಿ ಮಾಡಿತು ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಹಾಗಾಗಿ ಓಡಿದರೆ ನೂರು ಮೀಟರನ್ನೇ ಓಡಬೇಕು, ಉಸಿರು ಕಟ್ಟಿ ಓಡಬೇಕು ಎಂದು ತೀರ್ಮಾನಿಸಿದೆ.

ಸಖರಾಯಪಟ್ಟಣದ ಕಡೆಗೆ ಹೋಗುವ ರಸ್ತೆಯ ಪಕ್ಕ ಒಂದು ಬಯಲಿತ್ತು. ಅಳತೆಯ ಸರಪಳಿ ಹಿಡಿದು ಎರಡು ಸಲ ಅಳೆದು, ಎರಡು ತುದಿಗೂ ಸುಣ್ಣ ಬಳಿದ ಕಲ್ಲಿಟ್ಟೆ. ಮೊದಲ ದಿನ ಅರ್ಧಕ್ಕೇ ಕೂತುಬಿಟ್ಟೆ. ಎರಡನೆಯ ದಿನ ಓಡುತ್ತಿದ್ದಾಗ ಮೊದಲ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, "ನಿಧಾನಕ್ ಬನ್ನಿ ಸಾರ್, ನಿಲ್ಲುಸ್ತೀವಿ!" ಎಂದು ಕೂಗಿದ. ಅವನು ಗೇಲಿ ಮಾಡಿದನೋ ನಿಜವಾಗಿಯೂ ಹೇಳಿದನೋ ಇವತ್ತಿಗೂ ನನಗೆ ಗೊತ್ತಿಲ್ಲ.

ಈ ಸುದ್ದಿ ನನ್ನ ಗೆಳೆಯನ ಕಿವಿಗೆ ಬಿತ್ತು. ಅವನದು ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿ ಅಂಗಡಿ. ಅಜ್ಜಂಪುರದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಮನೆಯಲ್ಲಿ ಅವರದು ದಖ್ಖನಿ, ನನ್ನ ಜೊತೆ ಮಾತ್ರ ಅಪ್ಪಟ ಅಜ್ಜಂಪುರದ ಕನ್ನಡ. ಶಾಲೆಯ ಆ ಓಟದಲ್ಲಿ ನನ್ನ ಹಿಂದೆಯೇ ಎರಡನೆಯವನಾಗಿ ಬಂದವನೂ ಅವನೇ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೇಣು.

"ಒಬ್ನೇ ಓಡಿದ್ರೆ ಎಷ್ಟ್ ಹೊತ್ತಾಯ್ತು ಅಂತ ಯಾರೋ ನೋಡೋರು? ನಾನ್ ಬತ್ತೀನಿ, ಸ್ಟಾಪ್‌ವಾಚ್ ಐತೆ" ಎಂದ.

ಹೀಗೆ ಶುರುವಾಯಿತು. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಸೈಕಲ್ಲಿನಲ್ಲಿ ಬಂದು ಆ ತುದಿಯಲ್ಲಿ ನಿಲ್ಲುತ್ತಿದ್ದ. ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದರಲ್ಲಿ ಬಿಳಿಯ ಕರ್ಚೀಫು. ಕರ್ಚೀಫನ್ನು ಮೇಲೆತ್ತಿ ಬಿಟ್ಟರೆ ನಾನು ಓಡಬೇಕು. ಮೊದಲ ವಾರ ಹದಿನೆಂಟು ಸೆಕೆಂಡು ಹಿಡಿಯಿತು. ಆಮೇಲೆ ಹದಿನೇಳು. ಎರಡು ತಿಂಗಳಲ್ಲಿ ಹದಿನೈದೂವರೆಗೆ ಬಂತು. ನಾನು ಉಬ್ಬಿಹೋದೆ. ತರೀಕೆರೆಯ ಡಾಕ್ಟರಿಗೂ ಹೇಳಿ ಬಂದೆ.

ಒಂದು ದಿನ ಕಚೇರಿಯಲ್ಲಿ ಅರ್ಜಿಗಳ ಕಟ್ಟು ಬಿಚ್ಚಿದಾಗ ಅವನ ಹೆಸರು ಕಂಡಿತು. ಅವನ ತಂದೆ ಬಿಟ್ಟುಹೋದ ಅರ್ಧ ಎಕರೆಗೆ ಹದ್ದುಬಸ್ತು, ಅಂದರೆ ಗಡಿ ಗುರುತಿಸಿಕೊಡಬೇಕೆಂಬ ಅರ್ಜಿ. ಪಕ್ಕದ ಜಮೀನಿನವನ ಜೊತೆ ತಕರಾರು ಬೇರೆ. ಎರಡು ತಿಂಗಳ ಹಿಂದಿನ ತಾರೀಕು. ನನ್ನ ಹತ್ತಿರ ಒಂದು ಮಾತೂ ಎತ್ತಿರಲಿಲ್ಲ.

ನನ್ನ ತಲೆಗೆ ಹುಳ ಹೊಕ್ಕಿತು. ಅಳತೆಗೆ ಹೋದಲ್ಲಿ ಕೆಲವರು ಎಳನೀರು ಕೆತ್ತಿ ಕೊಡುತ್ತಾರೆ, ಕೆಲವರು ತೆಂಗಿನಕಾಯಿ ಚೀಲವನ್ನು ಬಸ್ಸಿನ ಮೇಲೆ ಹಾಕಿಸಲು ನೋಡುತ್ತಾರೆ. ಇವನು ಗಡಿಯಾರದವನು, ಸೆಕೆಂಡುಗಳನ್ನು ಕೊಡುತ್ತಿದ್ದಾನೆ! ಹೊಟ್ಟೆ ಇನ್ನೂ ಹಾಗೆಯೇ ಇರುವವನು ಎರಡು ತಿಂಗಳಲ್ಲಿ ಎರಡೂವರೆ ಸೆಕೆಂಡು ಇಳಿಸುವುದೆಂದರೇನು? ಕರ್ಚೀಫು ಬಿಟ್ಟು, ತಡವಾಗಿ ಗುಂಡಿ ಒತ್ತಿದರೆ ಆಯಿತು. ನೂರು ಮೀಟರ್ ದೂರದಿಂದ ಅವನ ಹೆಬ್ಬೆರಳು ನನಗೆ ಕಾಣುತ್ತದೆಯೇ?

ಹೆಂಡತಿಗೆ ಹೇಳಿದೆ. "ಅವರ್ ಮೇಲೂ ಶುರುವಾಯ್ತಾ? ಬೆಳಿಗ್ಗೆ ನಿದ್ದೆಗೆಟ್ಟು ಬರ್ತಾರಲ್ರೀ ಪಾಪ" ಎಂದಳು. ನಿದ್ದೆಗೆಟ್ಟು ಯಾಕೆ ಬರುತ್ತಾನೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ನನಗೆ ಇದ್ದವನು ಅವನೊಬ್ಬನೇ ಗೆಳೆಯ. ಅವನೂ ಹೀಗಾದರೆ ಎಂದು ಸಂಕಟ, ಹೀಗೇ ಇರುತ್ತಾನೆ ಎಂಬ ಹಟವೂ ಅಷ್ಟೇ.

ನಾಲ್ಕನೆಯ ದಿನ ಒಂದು ಉಪಾಯ ಮಾಡಿದೆ. ಅವನು ಕರ್ಚೀಫು ಎತ್ತಿದ, ಬಿಟ್ಟ. ನಾನು ಕಲ್ಲಿನ ಹತ್ತಿರವೇ ಅಲ್ಲಾಡದೆ ನಿಂತೆ.

"ಯಾಕೋ?" ಎಂದು ಕೂಗಿದ.

"ಗುಂಡಿ ಮುಟ್ಬೇಡ! ಹಂಗೇ ಹಿಡ್ಕೊಂಡಿರು!" ಎನ್ನುತ್ತಾ ದಾಪುಗಾಲು ಹಾಕಿ ಹೋಗಿ ಅವನ ಅಂಗೈ ಬಗ್ಗಿಸಿ ನೋಡಿದೆ. ಮುಳ್ಳು ಸೊನ್ನೆಯ ಮೇಲಿತ್ತು. ಕರ್ಚೀಫು ಮಾತ್ರ ನೆಲದಲ್ಲಿತ್ತು.

"ಸಿಕ್ಕಿಬಿದ್ದೆ. ಕರ್ಚೀಫ್ ಬಿದ್ರೂ ಗಡಿಯಾರ ಶುರುವಾಗಿಲ್ಲ. ಎರಡ್ ತಿಂಗ್ಳಿಂದ ಇದೇನಾ? ಅರ್ಜಿಗೋಸ್ಕರ ತಾನೆ?"

ಅವನ ಮುಖ ಕೆಂಪಾಯಿತು. ಸಿಟ್ಟಾದ ಎಂದುಕೊಂಡೆ. ಆದರೆ ದನಿ ಏರಿಸಲಿಲ್ಲ.

"ಆ ಜಮೀನ್ನ ಬೇರೆ ಸರ್ವೆಯರ್ ಕೈಲಿ ಅಳೆಸ್ಕೊಡಿ ಅಂತ ಹೋದ ವಾರಾನೇ ಬರ್ಕೊಟ್ಟಿದೀನಿ, ಹೋಗಿ ನೋಡು. ನಾನು ಕರ್ಚೀಫ್ ನೋಡಿ ಗುಂಡಿ ಒತ್ತಲ್ಲ ಕಣೋ. ನಿನ್ನ ಕಾಲ್ ನೋಡಿ ಒತ್ತೋದು. ನಿನ್ನ ಕಾಲು ಎದ್ದಾಗ ಗಡಿಯಾರ ಶುರು."

"ಅದ್ಯಾಕೆ?"

"ಯಾಕಂದ್ರೆ ನೀನು ಕರ್ಚೀಫ್ ಬೀಳೋ ತನಕ ಒಂದ್ ದಿನಾನೂ ಕಾದಿಲ್ಲ. ನನ್ ಕೈ ಎದ್ದ ತಕ್ಷಣ ಹೊರಟ್ಬಿಡ್ತೀಯ. ಅಜ್ಜಂಪುರದಲ್ಲೂ ಹಂಗೇ ಓಡಿದ್ದು."

"ಸುಳ್ಳು! ಸೀಟಿ ಆದ್ಮೇಲೇ ಓಡಿದ್ದು ನಾನು" ಎಂದೆ. ಎಷ್ಟು ಬೇಗ ಬಂತು ಆ ಮಾತು! ಇಪ್ಪತ್ತೇಳು ವರ್ಷದಿಂದ ನಾಲಿಗೆಯ ತುದಿಯಲ್ಲೇ ಕಾಯುತ್ತಿತ್ತೇನೋ.

ನಿಜ ನನಗೆ ಗೊತ್ತಿತ್ತು. ನಮ್ಮ ಡ್ರಿಲ್ ಮಾಸ್ತರು ಸೀಟಿ ಊದುವ ಮೊದಲು ಅವರ ಕೆನ್ನೆಗಳು ಉಬ್ಬುತ್ತಿದ್ದವು. ಅದನ್ನು ಎಷ್ಟೋ ದಿನ ಗಮನಿಸಿಟ್ಟುಕೊಂಡಿದ್ದೆ. ಆ ದಿನ ಕೆನ್ನೆ ಉಬ್ಬುತ್ತಿದ್ದಂತೆ ಹಾರಿದೆ, ಸೀಟಿಯ ಸದ್ದು ನನ್ನ ಬೆನ್ನ ಹಿಂದೆ ಕೇಳಿಸಿತು. ಪಕ್ಕದಲ್ಲಿ ಸೀಟಿಗಾಗಿ ಕಾದು ನಿಂತವನು ಇವನು. ತರೀಕೆರೆಗೆ ಹೋದವನು ನಾನು. ಇವನು ಆ ವರ್ಷವೇ ಅಪ್ಪನ ಅಂಗಡಿಯಲ್ಲಿ ಕೂತ. ಅಂದಿನಿಂದ ಲೋಕವೆಲ್ಲ ನನ್ನ ಹಾಗೆಯೇ ಸೀಟಿಗೆ ಮೊದಲು ಓಡುತ್ತದೆ ಎಂದು ನಂಬಿಕೊಂಡಿದ್ದೆ.

"ಆವತ್ತೇ ಹೇಳ್ಬೋದಿತ್ತಲ್ಲೋ" ಎಂದೆ.

"ಹೇಳಿದ್ರೆ ಒಪ್ಕೊತಿದ್ದಾ? ಈಗ್ಲೇ ಒಪ್ಲಿಲ್ಲ." ಬಗ್ಗಿ ಕರ್ಚೀಫು ಎತ್ತಿಕೊಂಡ. "ಓಡೋದಾದ್ರೆ ಓಡು. ಅಂಗ್ಡಿ ಬಾಗ್ಲು ತೆಗೀಬೇಕು ನಾನು."

ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ. "ಮೊದಲೇ ಓಡಿದ್ದೆ ಕಣೋ. ತಪ್ಪಾಯ್ತು" ಎಂದು ನೆಲ ನೋಡುತ್ತಲೇ ಹೇಳಿದೆ. ನಾನು ಹಿಂದಿರುಗಿ ಓಟ ಶುರುಮಾಡುವ ಕಲ್ಲಿನವರೆಗೆ ನಡೆದೆ. ಆ ನೂರು ಮೀಟರು ಯಾವತ್ತೂ ಅಷ್ಟು ಉದ್ದ ಅನ್ನಿಸಿರಲಿಲ್ಲ.

ಅವನ ಕೈ ಮೇಲೆದ್ದಿತು. ನನ್ನ ಬಲಗಾಲಿನ ಹಿಮ್ಮಡಿ ತಾನಾಗಿ ಏಳುತ್ತಿರುವುದು ಆಗ ಗೊತ್ತಾಯಿತು. ಅದನ್ನು ನೆಲಕ್ಕೆ ಒತ್ತಿ ಹಿಡಿದೆ. ಕರ್ಚೀಫು ಅವನ ಕೈ ಬಿಟ್ಟಿತು, ಇಳಿಯಿತು, ಮಣ್ಣು ಮುಟ್ಟಿತು. ಆಮೇಲೆ ಓಡಿದೆ. ಎರಡು ತಿಂಗಳಲ್ಲಿ ಅಷ್ಟು ಜೋರಾಗಿ ಓಡಿದ್ದೇ ಇಲ್ಲ.

"ಹದಿನಾರೂವರೆ" ಎಂದ.

ಒಂದು ಸೆಕೆಂಡು ಜಾಸ್ತಿ. ಏದುಸಿರು ಬಿಡುತ್ತಲೇ ಲೆಕ್ಕ ಹಾಕಿದೆ. ಎತ್ತಿದ ಕೈಯಿಂದ ನೆಲಕ್ಕೆ ಬೀಳಲು ಕರ್ಚೀಫಿಗೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

"ಇವತ್ತು ಕಾಲು ನೋಡ್ಲಿಲ್ವಾ?"

"ಇಲ್ಲ. ಕರ್ಚೀಫ್ ಬಿಟ್ಟಾಗ್ಲೇ ಒತ್ತಿದೆ. ಬೇಕಿದ್ರೆ ನೋಡ್ಕೋ" ಎಂದು ಗಡಿಯಾರವನ್ನು ನನ್ನ ಮುಂದೆ ಹಿಡಿದ.

ನಾನು ನೋಡಲಿಲ್ಲ. ಬಗ್ಗಿ ಕರ್ಚೀಫು ಎತ್ತಿಕೊಂಡು, ಮಣ್ಣು ಕೊಡವಿ, ಅವನ ಕೈಗೆ ಕೊಟ್ಟೆ.