ಬಾಗಿಲ ಬಳಿಯ ಕುರ್ಚಿ
ಫೀಜಿಯ ರಾಜಧಾನಿ ಸುವಾದ ಒಂದು ಶಾಲೆಯಲ್ಲಿ ಲೋಸಲಿನಿ ಟೀಚರ್ ಎಂದರೆ ವೃತ್ತಗಳು. ಜನಾಂಗಕ್ಕೊಂದು, ಭಾಷೆಗೊಂದು, ದೇವರಿಗೊಂದು, ಹೆಣ್ಣು-ಗಂಡಿಗೊಂದು ಎಂದು ಬೋರ್ಡಿನ ಮೇಲೆ ಒಂದರೊಳಗೊಂದು ತೂರಿಸಿ, ಕಡೆಗೆ ಯಾವುದು ಯಾವುದೆಂದು ತಾವೇ ತಬ್ಬಿಬ್ಬಾಗುವರು. "ಎಲ್ಲಾ ಸೇರೋ ಈ ನಡುವಿನ ಜಾಗ ಇದ್ಯಲ್ಲ, ಅದೇ ನೀವು. ತಿಳೀತೇನ್ರೋ?" "ಇಲ್ಲ ಮೇಡಂ!" "ನಂಗೂ ಅಷ್ಟಕ್ಕಷ್ಟೇ, ಬರ್ಕೊಳ್ಳಿ" ಎಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವರು. ಒಮ್ಮೆ ಹಿಂದಿನ ಬೆಂಚಿನ ಅಸೇನಾಕಾ ಕೇಳಿದಳು: "ನಮ್ಮ ಜಾಗ ನಡುವೆ ಅಂತೀರಿ, ನೀವ್ಯಾಕೆ ಯಾವಾಗ್ಲೂ ಬಾಗಿಲ ಹತ್ರಾನೇ ಕೂರ್ತೀರಿ ಮೇಡಂ?" ಟೀಚರ್ ಕೈಯಲ್ಲಿದ್ದ ಸೀಮೆಸುಣ್ಣ ತಿರುವಿದರು. ಭಾರತ ಮೂಲದ ಅಪ್ಪನ ಮನೆಯವರಿಗೆ ಅವರು ಫೀಜಿಯವಳು, ಫೀಜಿಯ ಮೂಲನಿವಾಸಿ ಅಮ್ಮನ ಹಳ್ಳಿಯವರಿಗೆ ಇಂಡಿಯಾದವಳು. ಎರಡೂ ಕಡೆ ಎಲ್ಲರೂ ಕೂರಲು ಚಾಪೆ ಹಾಸಿದಾಗ ಅವರ ಪಾಲಿಗೆ ಉಳಿಯುತ್ತಿದ್ದದ್ದು ಹೊಸ್ತಿಲ ಪಕ್ಕದ ತುದಿ. "ಅಭ್ಯಾಸ ಕಣೇ" ಎಂದರು.